ಖಾಲಿ ಬರುವ ಫೈಲ್ ಹೆಸರು: ಟ್ರೇಸಿಂಗ್ ಕೋಡ್‌ನಲ್ಲಿ ಕರ್ನಲ್ ಮತ್ತು ಯೂಸರ್ ಮೆಮೊರಿಯನ್ನು ಓದುವ ಬಗೆ

ಲಿನಕ್ಸ್‌ನಲ್ಲಿ ಇಬಿಪಿಎಫ್ (ಕರ್ನಲ್ ಒಳಗೆ ಚಿಕ್ಕ ಪ್ರೋಗ್ರಾಂಗಳನ್ನು ಓಡಿಸುವ ವ್ಯವಸ್ಥೆ) ಹಿಡಿದು ಟ್ರೇಸಿಂಗ್, ಅಂದರೆ ಓಡುತ್ತಿರುವ ಯಂತ್ರದೊಳಗೆ ಏನಾಗುತ್ತಿದೆ ಎಂದು ನೋಡುವುದನ್ನು, ಕಲಿಯುವವರು ಮೊದಲು ಬರೆಯುವ ಪ್ರೋಗ್ರಾಂ ಹೆಚ್ಚುಕಡಿಮೆ ಒಂದೇ: ಯಾವ ಪ್ರೋಸೆಸ್ ಯಾವ ಫೈಲ್ ತೆರೆಯುತ್ತಿದೆ ಎಂದು ತೋರಿಸುವುದು. ಓಪನ್‌ಎಟ್ ಸಿಸ್ಟಂ ಕಾಲ್‌ನ ಪ್ರವೇಶದ ಟ್ರೇಸ್‌ಪಾಯಿಂಟ್‌ಗೆ (ಕರ್ನಲ್‌ನಲ್ಲಿ ಮೊದಲೇ ಇಟ್ಟಿರುವ ವೀಕ್ಷಣೆಯ ಜಾಗ) ಪ್ರೋಗ್ರಾಂ ಜೋಡಿಸು, ಫೈಲ್ ಹೆಸರಿನ ಪಾಯಿಂಟರ್ ತೆಗೆದುಕೋ, ಸ್ಟ್ರಿಂಗ್ ಓದು, ಹೊರಗೆ ಕಳಿಸು. ಹತ್ತಾರು ಸಾಲು ಸರಿಯಾಗಿಯೇ ಬರುತ್ತವೆ. ನಡುವೆ ಒಂದು ಸಾಲಿನಲ್ಲಿ ಪ್ರೋಸೆಸ್ ಹೆಸರಿದೆ, ಪಿಐಡಿ (ಪ್ರೋಸೆಸ್‌ನ ಸಂಖ್ಯೆ) ಇದೆ, ಫೈಲ್ ಹೆಸರಿನ ಜಾಗ ಮಾತ್ರ ಖಾಲಿ. ಕಾಲ್ ಯಶಸ್ವಿಯಾಗಿದೆ, ಫೈಲ್ ತೆರೆದಿದೆ. ಹೆಸರಿಲ್ಲದೆ ತೆರೆದದ್ದು ಹೇಗೆ?

ಈ ಉಪನ್ಯಾಸ ಆ ಖಾಲಿ ಜಾಗದ ಬಗ್ಗೆ. ದಾಖಲೆಗಳಲ್ಲಿ 'ಸುರಕ್ಷಿತ ಓದು' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಸುರಕ್ಷಿತ ಎಂದರೆ ನಿಮ್ಮ ಓದಿನಿಂದ ಯಂತ್ರ ಬೀಳುವುದಿಲ್ಲ ಎಂದಷ್ಟೇ. ಓದಿದ್ದು ಸಿಕ್ಕಿತು ಎಂದಾಗಲಿ, ಸಿಕ್ಕಿದ್ದು ನಿಜ ಎಂದಾಗಲಿ ಅಲ್ಲ. ಆ ಎರಡನ್ನೂ ನೋಡಿಕೊಳ್ಳುವುದು ಪ್ರೋಗ್ರಾಂ ಬರೆಯುವವರ ಪಾಲಿನ ಕೆಲಸ, ಮತ್ತು ಬಹಳಷ್ಟು ಟ್ರೇಸಿಂಗ್ ಕೋಡ್‌ನಲ್ಲಿ ಆ ಕೆಲಸ ಆಗಿರುವುದಿಲ್ಲ.

ನೇರವಾಗಿ ಓದಿದರೆ ಏನು ತೊಂದರೆ

ಸಾಮಾನ್ಯ ಕರ್ನಲ್ ಕೋಡ್ ಕೆಟ್ಟ ಕರ್ನಲ್ ವಿಳಾಸವನ್ನು ಓದಿದರೆ ಪೇಜ್ ಫಾಲ್ಟ್ (ಆ ವಿಳಾಸದ ಪೇಜ್ ಸಿಗಲಿಲ್ಲ ಎಂಬ ಪ್ರೊಸೆಸರ್ ದೂರು) ಆಗುತ್ತದೆ, ಅದಕ್ಕೆ ಪರಿಹಾರ ಸಿಗದೆ ಊಪ್ಸ್, ಅಂದರೆ ಕರ್ನಲ್‌ನ ಗಂಭೀರ ದೋಷ, ಆಗುತ್ತದೆ. ಯೂಸರ್ ವಿಳಾಸವನ್ನು ನೇರವಾಗಿ ಓದಲು ಹೋದರೆ ಇಂದಿನ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಸ್ಮ್ಯಾಪ್ ಎಂಬ ರಕ್ಷಣೆ ತಡೆಯುತ್ತದೆ. ಆರ್ಮ್‌ನಲ್ಲಿ ಅದೇ ಕೆಲಸವನ್ನು ಪ್ಯಾನ್ ಮಾಡುತ್ತದೆ. ಹಾಗಾಗಿ ಕರ್ನಲ್ ಯೂಸರ್ ಮೆಮೊರಿಯನ್ನು ಮುಟ್ಟಬೇಕಾದಾಗ ಕಾಪಿ ಫ್ರಮ್ ಯೂಸರ್‌ನಂಥ ಗೊತ್ತುಪಡಿಸಿದ ದಾರಿಯಲ್ಲೇ ಹೋಗುತ್ತದೆ. ಆ ದಾರಿ ಸ್ಮ್ಯಾಪ್ ಅನ್ನು ಕ್ಷಣಕಾಲ ಸಡಿಲಿಸುತ್ತದೆ. ಪೇಜ್ ಇಲ್ಲದಿದ್ದರೆ ಫಾಲ್ಟ್ ತೆಗೆದುಕೊಂಡು, ಡಿಸ್ಕ್‌ನಿಂದ ತರಬೇಕಿದ್ದರೆ ತರಿಸಿ, ಅಗತ್ಯವಿದ್ದರೆ ನಿದ್ದೆ ಹೋಗಿ, ಎದ್ದು, ಓದು ಮುಂದುವರಿಸುತ್ತದೆ.

ಟ್ರೇಸಿಂಗ್ ಕೋಡ್‌ಗೆ ಈ ನಿದ್ದೆಯೇ ನಿಷಿದ್ಧ. ಕೆ‌ಪ್ರೋಬ್ (ಫಂಕ್ಷನ್ ಓಡಿದಾಗ ನಿಮ್ಮ ಕೋಡ್ ಕರೆಸುವ ಕೊಕ್ಕೆ) ಕರ್ನಲ್‌ನ ಹೆಚ್ಚುಕಡಿಮೆ ಯಾವ ಫಂಕ್ಷನ್ ಮೇಲೆ ಬೇಕಾದರೂ ಕೂರಬಹುದು. ಸ್ಪಿನ್‌ಲಾಕ್ ಹಿಡಿದಿರುವ ಜಾಗದಲ್ಲಿ, ಇಂಟರಪ್ಟ್ ಒಳಗೆ, ಮೆಮೊರಿ ಮ್ಯಾನೇಜ್‌ಮೆಂಟ್ ಕೋಡ್‌ನ ನಟ್ಟನಡುವೆ. ಈಗ ಓಡುತ್ತಿರುವ ಪ್ರೋಸೆಸ್‌ನ ಎಂಮ್ಯಾಪ್ ಲಾಕ್ (ಅದರ ಮೆಮೊರಿ ನಕ್ಷೆ ಕಾಯುವ ಲಾಕ್) ಹಿಡಿದಿರುವ ಫಂಕ್ಷನ್ ಮೇಲೆ ನಿಮ್ಮ ಪ್ರೋಬ್ ಇದೆ ಎನ್ನಿ. ಆಗ ನೀವು ತೆಗೆದುಕೊಂಡ ಫಾಲ್ಟ್ ಅದೇ ಲಾಕ್ ಕೇಳಿದರೆ ಡೆಡ್‌ಲಾಕ್. ಆದ್ದರಿಂದ ಟ್ರೇಸಿಂಗ್‌ಗೆ ಬೇಕಾದ್ದು ಬೇರೆ ಬಗೆಯ ಓದು: ಪೇಜ್ ಇದ್ದರೆ ಕೊಡು, ಇಲ್ಲದಿದ್ದರೆ ತಕ್ಷಣ ಇಲ್ಲ ಎನ್ನು. ಕರ್ನಲ್ ಒಳಗೆ ಇದರ ಹೆಸರಿನಲ್ಲೇ ನೋಫಾಲ್ಟ್ ಎಂದಿದೆ. 2020ರಲ್ಲಿ, ಕರ್ನಲ್ 5.8ರ ಹೊತ್ತಿಗೆ, ಹಳೆಯ ಪ್ರೋಬ್ ಕರ್ನಲ್ ರೀಡ್ ಎಂಬ ಹೆಸರು ಹೋಗಿ ಕಾಪಿ ಫ್ರಮ್ ಕರ್ನಲ್ ನೋಫಾಲ್ಟ್ ಬಂತು. ಅರ್ಥ ನೋಡಿದರೆ ಹೊಸದೇ ಮೇಲು.

ಇದು ಕೆಲಸ ಮಾಡುವ ರೀತಿ ಸರಳ. ಫಾಲ್ಟ್ ಆಗಬಹುದಾದ ಪ್ರತಿ ಇನ್‌ಸ್ಟ್ರಕ್ಷನ್‌ನ ವಿಳಾಸ ಎಕ್ಸೆಪ್ಶನ್ ಟೇಬಲ್‌ನಲ್ಲಿ ದಾಖಲಾಗಿರುತ್ತದೆ; ಪಕ್ಕದಲ್ಲಿ, ಫಾಲ್ಟ್ ಆದರೆ ಎಲ್ಲಿಗೆ ಹಾರಬೇಕು ಎಂಬುದು ಇರುತ್ತದೆ. ಓದುವ ಮೊದಲು ಪೇಜ್‌ಫಾಲ್ಟ್ ಡಿಸೇಬಲ್ ಎಂದು ಗುರುತು ಹಾಕುತ್ತಾರೆ. ಫಾಲ್ಟ್ ಆದಾಗ ಹ್ಯಾಂಡ್ಲರ್ ಆ ಗುರುತನ್ನು ನೋಡುತ್ತದೆ, ಪೇಜ್ ತರಿಸುವ ಗೋಜಿಗೆ ಹೋಗುವುದಿಲ್ಲ, ನೇರ ಟೇಬಲ್ ಹುಡುಕಿ ಫಿಕ್ಸಪ್ ಕೋಡ್‌ಗೆ ಹಾರುತ್ತದೆ. ನಿಮ್ಮ ಕೈಗೆ ಬರುವುದು ಇಫಾಲ್ಟ್, ಅಂದರೆ ಮೈನಸ್ 14.

ಈ ಯೋಚನೆ ಲಿನಕ್ಸ್‌ನಲ್ಲೇ ಹುಟ್ಟಿದ್ದಲ್ಲ. 2005ರಲ್ಲಿ ಸೋಲಾರಿಸ್ 10ರ ಜೊತೆ ಬಂದ ಡಿಟ್ರೇಸ್ ಕೂಡ ಪ್ರೋಬ್ ಒಳಗಿನ ಫಾಲ್ಟ್‌ಗಳನ್ನು ಹೀಗೇ ಹಿಡಿದು ದೋಷ ಎಂದು ವರದಿ ಮಾಡುತ್ತಿತ್ತು. ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಡಿವೈಸ್‌ಗಳ ರಿಜಿಸ್ಟರ್ ಮ್ಯಾಪ್ ಆಗಿರುವ ವಿಳಾಸಗಳನ್ನು ವಿಷಪೂರಿತ ಎಂದು ಗುರುತಿಸಿ ಅವನ್ನು ಓದಲೇ ಬಿಡುತ್ತಿರಲಿಲ್ಲ. ಕಾರಣವಿದೆ. ಕೆಲವು ಡಿವೈಸ್ ರಿಜಿಸ್ಟರ್‌ಗಳು ಓದಿದ ಮಾತ್ರಕ್ಕೆ ತಮ್ಮ ಮೌಲ್ಯ ಅಳಿಸಿಕೊಳ್ಳುತ್ತವೆ. ಲಿನಕ್ಸ್‌ನ ನೋಫಾಲ್ಟ್ ಓದು ಆ ಕಾವಲು ಕೊಡುವುದಿಲ್ಲ; ಮ್ಯಾಪ್ ಆಗಿದೆಯೆಂದರೆ ಓದುತ್ತದೆ. ಡ್ರೈವರ್‌ನ ಸ್ಟ್ರಕ್ಚರ್ ಒಳಗೆ ಪಾಯಿಂಟರ್ ಹಿಡಿದು ಇಳಿಯುವವರು ಯಾವುದು ಐಒ ಮೆಮೊರಿಯ ಪಾಯಿಂಟರ್ ಎಂದು ತಾವೇ ನೋಡಿಕೊಳ್ಳಬೇಕು.

ಈ ಪಾಯಿಂಟರ್ ಯಾರದು?

ಇಬಿಪಿಎಫ್‌ನಲ್ಲಿ ಮೊದಲು ಇದ್ದದ್ದು ಪ್ರೋಬ್ ರೀಡ್ ಎಂಬ ಒಂದೇ ಹೆಲ್ಪರ್, ಅಂದರೆ ಪ್ರೋಗ್ರಾಂ ಕರೆಯಬಹುದಾದ ಕರ್ನಲ್ ಫಂಕ್ಷನ್. 2015ರ 4.1 ಕರ್ನಲ್‌ನಿಂದ ಇತ್ತು. ಕರ್ನಲ್ ವಿಳಾಸ ಕೊಟ್ಟರೂ ಓದುತ್ತಿತ್ತು, ಯೂಸರ್ ವಿಳಾಸ ಕೊಟ್ಟರೂ ಓದುತ್ತಿತ್ತು. ಎಕ್ಸ್86ರ 64 ಬಿಟ್‌ನಲ್ಲಿ ಇದು ನಡೆಯಿತು, ಏಕೆಂದರೆ ಅಲ್ಲಿ ಸಾಮಾನ್ಯ ನಾಲ್ಕು ಹಂತದ ಪೇಜ್ ಟೇಬಲ್‌ನಲ್ಲಿ ಕೆಳಗಿನ 128 ಟೆರಾಬೈಟ್ ಯೂಸರ್‌ಗೆ, ಮೇಲಿನ ತುದಿಯ 128 ಟೆರಾಬೈಟ್ ಕರ್ನಲ್‌ಗೆ. ವಿಳಾಸ ನೋಡಿದರೆ ಯಾರದ್ದೆಂದು ಗೊತ್ತಾಗುತ್ತದೆ. ಆದರೆ ಎಸ್390, ಸ್ಪಾರ್ಕ್64, ಪಾ-ರಿಸ್ಕ್‌ಗಳಲ್ಲಿ ಹಾಗಿಲ್ಲ. ಒಂದೇ ಸಂಖ್ಯೆಯ ವಿಳಾಸ ಕರ್ನಲ್‌ನಲ್ಲೂ ಇರಬಹುದು, ಯೂಸರ್‌ನಲ್ಲೂ ಇರಬಹುದು. ಅಲ್ಲಿ ಹಳೆಯ ಹೆಲ್ಪರ್‌ಗೆ ಯೂಸರ್ ಪಾಯಿಂಟರ್ ಕೊಟ್ಟರೆ ಅದೇ ಸಂಖ್ಯೆಯ ಕರ್ನಲ್ ಮೆಮೊರಿ ಓದಿ, ದೋಷವಿಲ್ಲ ಎಂದು ಹೇಳಬಹುದು. ಸಿಗದಿರುವುದಕ್ಕಿಂತ ಇದು ಕೆಟ್ಟದ್ದು.

2020ರ ಜನವರಿಯ 5.5ರಲ್ಲಿ ಹೆಲ್ಪರ್ ಒಡೆದು ಪ್ರೋಬ್ ರೀಡ್ ಕರ್ನಲ್, ಪ್ರೋಬ್ ರೀಡ್ ಯೂಸರ್ ಎಂದು ಎರಡಾಯಿತು. ಸ್ಟ್ರಿಂಗ್ ಓದಲು ಎರಡಕ್ಕೂ ಒಂದೊಂದು ಜೊತೆಗಾರ. 5.7ರಲ್ಲಿ ಹಳೆಯ ಹೆಲ್ಪರ್ ಅನ್ನು ವಿಳಾಸಗಳು ಒಂದರ ಮೇಲೊಂದು ಬೀಳದ ಆರ್ಕಿಟೆಕ್ಚರ್‌ಗಳಿಗೆ ಮಾತ್ರ ಸೀಮಿತಗೊಳಿಸಿದರು. ಇವತ್ತು ಹೊಸದಾಗಿ ಬರೆಯುವ ಕೋಡ್‌ನಲ್ಲಿ ಹಳೆಯದನ್ನು ಬಳಸಲು ಕಾರಣವೇ ಇಲ್ಲ. ಕರ್ನಲ್‌ನದೇ ಟ್ರೇಸಿಂಗ್ ಸಾಧನವಾದ ಎಫ್‌ಟ್ರೇಸ್‌ನ ಕೆ‌ಪ್ರೋಬ್ ಈವೆಂಟ್‌ಗಳಲ್ಲಿ ಇದೇ ವಿಭಜನೆ ತುಸು ಮೊದಲೇ, 5.3ರಲ್ಲಿ ಬಂತು: ಸ್ಟ್ರಿಂಗ್ ಬದಲು ಯುಸ್ಟ್ರಿಂಗ್ ಎಂಬ ಟೈಪ್, ಆಫ್‌ಸೆಟ್‌ನ ಪ್ಲಸ್ ಚಿಹ್ನೆಯ ನಂತರ ಯು ಅಕ್ಷರ. ಅಲ್ಲಿ ಓದು ಸೋತರೆ ಔಟ್‌ಪುಟ್‌ನಲ್ಲಿ ಫಾಲ್ಟ್ ಎಂದೇ ಅಚ್ಚಾಗುತ್ತದೆ. ಖಾಲಿ ಬಿಡುವುದಕ್ಕಿಂತ ಎಷ್ಟೋ ಪ್ರಾಮಾಣಿಕ.

ತಪ್ಪು ಹೆಲ್ಪರ್ ಬಳಸಿದರೆ ಎಕ್ಸ್86-64ರಲ್ಲಿ ದೋಷದ ಸಂಖ್ಯೆಯೇ ಗುಟ್ಟು ಹೇಳುತ್ತದೆ. ಪ್ರೋಬ್ ರೀಡ್ ಕರ್ನಲ್‌ಗೆ ಯೂಸರ್ ವಿಳಾಸ ಕೊಟ್ಟರೆ ಓದುವ ಪ್ರಯತ್ನವೇ ನಡೆಯದು; ಇರೇಂಜ್, ಮೈನಸ್ 34 ಬರುತ್ತದೆ. ನಲ್ ಪಾಯಿಂಟರ್‌ಗೂ ಅದೇ, ಏಕೆಂದರೆ ಸೊನ್ನೆ ಯೂಸರ್ ಭಾಗದಲ್ಲಿದೆ. ಪ್ರೋಬ್ ರೀಡ್ ಯೂಸರ್‌ಗೆ ಕರ್ನಲ್ ವಿಳಾಸ ಕೊಟ್ಟರೆ ಮೈನಸ್ 14. ಅಂದರೆ 34 ಕಂಡರೆ ಪಾಯಿಂಟರ್ ಬೇರೆ ಕಡೆಯದ್ದು ಅಥವಾ ನಲ್. 14 ಕಂಡರೆ ಹೆಚ್ಚಾಗಿ ಪೇಜ್ ಇಲ್ಲ.

ಎರಡೂ ಬಗೆಯ ವಿಳಾಸ ಒಂದೇ ಸರಪಳಿಯಲ್ಲಿ ಬರುವ ಜಾಗದಲ್ಲೇ ಜನ ಎಡವುವುದು. ಉದಾಹರಣೆಗೆ ಎಕ್ಸ್86-64ರ ಓಪನ್‌ಎಟ್ ಸಿಸ್ಟಂ ಕಾಲ್ ಫಂಕ್ಷನ್ ಮೇಲೆ ಕೆ‌ಪ್ರೋಬ್ ಹಾಕಿ. 4.17ರ ನಂತರ ಈ ಫಂಕ್ಷನ್‌ಗೆ ಬರುವ ಆರ್ಗ್ಯುಮೆಂಟ್ ಒಂದೇ: ಯೂಸರ್‌ನ ರಿಜಿಸ್ಟರ್‌ಗಳನ್ನು ಉಳಿಸಿಟ್ಟ ಪಿಟಿ ರೆಗ್ಸ್ ಸ್ಟ್ರಕ್ಚರ್‌ನ ಪಾಯಿಂಟರ್. ನಿಮ್ಮ ಪ್ರೋಬ್‌ಗೆ ಬರುವ ಕಾಂಟೆಕ್ಸ್ಟ್ ಕೂಡ ಪಿಟಿ ರೆಗ್ಸೇ, ಆದರೆ ಅದು ಕರ್ನಲ್ ಫಂಕ್ಷನ್ ಪ್ರವೇಶದ ರಿಜಿಸ್ಟರ್‌ಗಳದ್ದು. ಮೊದಲ ಹೆಜ್ಜೆ: ಹೊರಗಿನ ಕಾಂಟೆಕ್ಸ್ಟ್‌ನ ಮೊದಲ ಆರ್ಗ್ಯುಮೆಂಟ್ ತೆಗೆದರೆ ಒಳಗಿನ ಪಿಟಿ ರೆಗ್ಸ್‌ನ ವಿಳಾಸ, ಇದು ಕರ್ನಲ್ ವಿಳಾಸ. ಎರಡನೆಯದು: ಅಲ್ಲಿಂದ ಎಸ್‌ಐ ರಿಜಿಸ್ಟರ್‌ನ ಮೌಲ್ಯವನ್ನು ಪ್ರೋಬ್ ರೀಡ್ ಕರ್ನಲ್‌ನಿಂದ ಓದಬೇಕು. ಮೂರನೆಯದು: ಹೀಗೆ ಸಿಕ್ಕಿದ ಮೌಲ್ಯ ಯೂಸರ್ ಪಾಯಿಂಟರ್, ಸ್ಟ್ರಿಂಗ್ ಓದಲು ಯೂಸರ್ ಹೆಲ್ಪರ್ ಬೇಕು. ಎರಡನೆಯ ಹೆಜ್ಜೆ ಬಿಟ್ಟು ನೇರ ಹೊರಗಿನ ಎಸ್‌ಐ ಓದಿದರೆ ಆ ಹೊತ್ತಿಗೆ ರಿಜಿಸ್ಟರ್‌ನಲ್ಲಿ ಉಳಿದಿದ್ದ ಏನೋ ಒಂದು ಸಿಗುತ್ತದೆ. ಇಬಿಪಿಎಫ್ ಬರೆಯಲು ಬಳಸುವ ಲಿಬ್‌ಬಿಪಿಎಫ್ ಲೈಬ್ರರಿಯ ಕೆಸಿಸ್‌ಕಾಲ್ ಮ್ಯಾಕ್ರೋ ಎರಡನೆಯ ಹೆಜ್ಜೆಯನ್ನು ತಾನೇ ಮಾಡಿಕೊಡುತ್ತದೆ. ಮೂರನೆಯದು ಯಾವತ್ತೂ ನಿಮ್ಮದೇ. ಬಿಪಿಎಫ್‌ಟ್ರೇಸ್ ಎಂಬ ಟ್ರೇಸಿಂಗ್ ಭಾಷೆಯಲ್ಲಿ ಬರೆಯುವವರು ಅನುಮಾನವಿದ್ದ ಕಡೆ ಯುಪಿಟಿಆರ್, ಕೆಪಿಟಿಆರ್ ಎಂದು ಬಾಯಿಬಿಟ್ಟು ಹೇಳುವುದು ಲೇಸು.

ಪೇಜ್ ಇನ್ನೂ ಬಂದಿಲ್ಲ

ಈಗ ಖಾಲಿ ಸಾಲಿಗೆ ಬರೋಣ. ಪ್ರೋಗ್ರಾಂನಲ್ಲಿ ಫೈಲ್ ಹೆಸರು ಸ್ಟ್ರಿಂಗ್ ಲಿಟರಲ್ ಆಗಿ ಬರೆದಿದ್ದರೆ ಅದು ಬೈನರಿಯ ರೀಡ್-ಓನ್ಲಿ ಡೇಟಾ ಭಾಗದಲ್ಲಿರುತ್ತದೆ. ಪ್ರೋಸೆಸ್ ಶುರುವಾದಾಗ ಆ ಭಾಗ ಮ್ಯಾಪ್ ಆಗಿರುತ್ತದೆ, ಆದರೆ ಪೇಜ್ ಟೇಬಲ್‌ನಲ್ಲಿ ನಮೂದು ಇರುವುದಿಲ್ಲ. ಯಾರಾದರೂ ಮುಟ್ಟಿದಾಗ ಬರುತ್ತದೆ. ಓಪನ್ ಕರೆಯುವ ಕೋಡ್ ಆ ಸ್ಟ್ರಿಂಗ್‌ನ ವಿಳಾಸವನ್ನು ರಿಜಿಸ್ಟರ್‌ಗೆ ಹಾಕುತ್ತದೆಯೇ ಹೊರತು ಒಳಗಿನ ಅಕ್ಷರಗಳನ್ನು ಓದುವುದಿಲ್ಲ. ಆ ಪೇಜ್ ಅನ್ನು ಮೊದಲು ಮುಟ್ಟುವುದು ಸಿಸ್ಟಂ ಕಾಲ್ ಒಳಗಿನ ಗೆಟ್‌ನೇಮ್. ನಿಮ್ಮ ಪ್ರೋಬ್ ಅದಕ್ಕಿಂತ ಮೊದಲು ಓಡುತ್ತದೆ, ಫಾಲ್ಟ್ ತೆಗೆದುಕೊಳ್ಳುವ ಅಧಿಕಾರ ಇಲ್ಲ, ಮೈನಸ್ 14. ಪೇಜ್ ಪೇಜ್‌ಕ್ಯಾಶ್‌ನಲ್ಲೇ ಕೂತಿರಬಹುದು, ಡಿಸ್ಕ್ ಮುಟ್ಟುವ ಅಗತ್ಯವೇ ಇಲ್ಲದಿರಬಹುದು. ಪೇಜ್ ಟೇಬಲ್‌ನಲ್ಲಿ ಇಲ್ಲವೆಂದರೆ ಇಲ್ಲ.

ಹಾಗಿದ್ದರೆ ಪ್ರತಿ ಸಾಲೂ ಖಾಲಿ ಬರಬೇಕಿತ್ತಲ್ಲ? ಫೈಲ್ ಮ್ಯಾಪಿಂಗ್‌ನಲ್ಲಿ ಒಂದು ಪೇಜ್‌ಗೆ ಫಾಲ್ಟ್ ಆದಾಗ ಕರ್ನಲ್ ಅಕ್ಕಪಕ್ಕ ಕ್ಯಾಶ್‌ನಲ್ಲಿರುವ ಪೇಜ್‌ಗಳನ್ನೂ ಜೋಡಿಸಿಬಿಡುತ್ತದೆ. ಡಿಫಾಲ್ಟ್ 64 ಕಿಲೋಬೈಟ್. ಚಿಕ್ಕ ಬೈನರಿಗಳಲ್ಲಿ ಇದರಿಂದಲೇ ಸ್ಟ್ರಿಂಗ್‌ಗಳೂ ಬಂದುಬಿಡುತ್ತವೆ. ದೊಡ್ಡ ಬೈನರಿ, ಈಗತಾನೆ ಶುರುವಾದ ಪ್ರೋಸೆಸ್, ಅದರ ಮೊದಲ ಕೆಲವು ಓಪನ್‌ಗಳು: ಖಾಲಿ ಸಾಲು ಹೆಚ್ಚಾಗಿ ಇಲ್ಲಿಯೇ. ಕೆಟ್ಟದ್ದೇನೆಂದರೆ ಟೆಸ್ಟ್ ಮಾಡುವಾಗ ಕ್ಯಾಟ್, ಎಲ್‌ಎಸ್ ಓಡಿಸಿ ನೋಡುತ್ತೇವೆ. ಅಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ಓದಲು ಮೂರು ಜಾಗಗಳಿವೆ. ಪ್ರವೇಶದಲ್ಲಿ ಓದಿದರೆ ಸಿಗದಿರಬಹುದು. ನಿರ್ಗಮನದಲ್ಲಿ ಓದಿದರೆ ಬಹುಪಾಲು ಸಿಗುತ್ತದೆ, ಏಕೆಂದರೆ ಅಷ್ಟರಲ್ಲಿ ಕರ್ನಲ್ ತಾನೇ ಆ ಪೇಜ್ ಮುಟ್ಟಿದೆ. ಇದಕ್ಕಾಗಿ ಪ್ರವೇಶದಲ್ಲಿ ಪಾಯಿಂಟರ್ ಅನ್ನು ಮಾತ್ರ ಥ್ರೆಡ್ ಐಡಿಯ ಕೀ ಹಾಕಿ ಹ್ಯಾಶ್ ಮ್ಯಾಪ್‌ನಲ್ಲಿಡಬೇಕು, ನಿರ್ಗಮನದಲ್ಲಿ ತೆಗೆದು ಓದಿ ನಮೂದು ಅಳಿಸಬೇಕು. ಕೀಗೆ ಪ್ರೋಸೆಸ್ ಐಡಿ ಮಾತ್ರ ಬಳಸಿದರೆ ಮಲ್ಟಿಥ್ರೆಡ್ ಪ್ರೋಗ್ರಾಂಗಳಲ್ಲಿ ಒಂದು ಥ್ರೆಡ್‌ನ ಪಾಯಿಂಟರ್ ಇನ್ನೊಂದರ ಮೇಲೆ ಬೀಳುತ್ತದೆ. ಅಳಿಸಲು ಮರೆತರೆ ಮ್ಯಾಪ್ ತುಂಬಿ ಹೊಸ ನಮೂದುಗಳು ಸದ್ದಿಲ್ಲದೆ ಸೋಲುತ್ತವೆ. ಲಿಬ್‌ಬಿಪಿಎಫ್ ಟೂಲ್‌ಗಳಲ್ಲಿರುವ ಓಪನ್‌ಸ್ನೂಪ್ ಈ ನಿರ್ಗಮನದ ದಾರಿಯನ್ನೇ ಹಿಡಿದಿದೆ.

ಪರ್ಫಾರ್ಮೆನ್ಸ್ ನೋಡುವವರಿಗೆ ಇಷ್ಟು ಸಾಕು. ಸೆಕ್ಯುರಿಟಿ ಕೆಲಸದವರಿಗೆ ಸಾಲದು. ಕರ್ನಲ್ ಹೆಸರು ಓದಿದ ಕ್ಷಣಕ್ಕೂ ನೀವು ಓದಿದ ಕ್ಷಣಕ್ಕೂ ನಡುವೆ ಅದೇ ಪ್ರೋಸೆಸ್‌ನ ಇನ್ನೊಂದು ಥ್ರೆಡ್ ಆ ಬಫರ್ ತಿದ್ದಬಹುದು. ಪ್ರವೇಶದಲ್ಲಿ ಓದಿದರೂ, ನಿರ್ಗಮನದಲ್ಲಿ ಓದಿದರೂ ಈ ಕಿಂಡಿ ಇದೆ. ಹೀಗಾಗಿ ಮೂರನೆಯ ಜಾಗ: ಕರ್ನಲ್ ಮಾಡಿಕೊಂಡ ನಕಲನ್ನೇ ಓದುವುದು. ಡೂ ಫಿಲ್ಪ್ ಓಪನ್ ಎಂಬ ಫಂಕ್ಷನ್‌ನ ಎರಡನೆಯ ಆರ್ಗ್ಯುಮೆಂಟ್ ಫೈಲ್‌ನೇಮ್ ಸ್ಟ್ರಕ್ಚರ್. ಅದರ ನೇಮ್ ಎಂಬ ಸದಸ್ಯ ಕರ್ನಲ್ ಪಾಯಿಂಟರ್. ಇಲ್ಲಿ ಬಳಸಬೇಕಾದ್ದು ಕರ್ನಲ್ ಹೆಲ್ಪರ್. ಇದು ಒಳಗಿನ ಫಂಕ್ಷನ್, ಮುಂದಿನ ಕರ್ನಲ್‌ನಲ್ಲಿ ಬದಲಾಗಬಹುದು, ಅದು ನಿಜ. ಸಿಗುವುದು ಕೂಡ ಬರೆದ ಹಾಗಿನ ಹೆಸರು, ರಿಲೇಟಿವ್ ಪಾತ್ ಆಗಿದ್ದರೆ ಹಾಗೆಯೇ. ನಿಜವಾಗಿ ಯಾವ ಫೈಲ್ ತೆರೆಯಿತು ಎಂದು ತೀರ್ಪು ಕೊಡಬೇಕಾದವರು ಎಲ್‌ಎಸ್‌ಎಂ (ಕರ್ನಲ್‌ನ ಸೆಕ್ಯುರಿಟಿ ಚೌಕಟ್ಟು) ಒದಗಿಸುವ ಫೈಲ್ ಓಪನ್ ಹುಕ್‌ಗೆ ಹೋಗಿ ಫೈಲ್ ಸ್ಟ್ರಕ್ಚರ್‌ನಿಂದಲೇ ಪಾತ್ ಕಟ್ಟಬೇಕು.

ಹೊಸ ಪ್ರೋಗ್ರಾಂ ಓಡಿಸುವ ಎಕ್ಸೆಕ್‌ವಿಇ ಸಿಸ್ಟಂ ಕಾಲ್‌ಗೆ ನಿರ್ಗಮನದ ಉಪಾಯ ನಡೆಯದು. ಕಾಲ್ ಯಶಸ್ವಿಯಾದರೆ ಹಳೆಯ ಅಡ್ರೆಸ್ ಸ್ಪೇಸ್ ಪೂರ್ತಿ ಹೋಗಿರುತ್ತದೆ. ಪ್ರವೇಶದಲ್ಲಿ ಇಟ್ಟುಕೊಂಡ ಪಾಯಿಂಟರ್ ಹೊಸ ಪ್ರೋಸೆಸ್ ಚಿತ್ರದಲ್ಲಿ ಅರ್ಥಹೀನ. ಅಲ್ಲಿ ಶೆಡ್ ಪ್ರೋಸೆಸ್ ಎಕ್ಸೆಕ್ ಟ್ರೇಸ್‌ಪಾಯಿಂಟ್ ಹಿಡಿಯಿರಿ. ಹೊಸ ಎಂಎಂನ (ಮೆಮೊರಿ ವಿವರದ ಸ್ಟ್ರಕ್ಚರ್) ಆರ್ಗ್ ಸ್ಟಾರ್ಟ್‌ನಿಂದ ಆರ್ಗ್ ಎಂಡ್‌ವರೆಗೆ ಆರ್ಗ್ಯುಮೆಂಟ್‌ಗಳು ಸಾಲಾಗಿವೆ, ಕರ್ನಲ್ ಈಗತಾನೆ ಬರೆದ ಪೇಜ್‌ಗಳಾದ್ದರಿಂದ ಸಿಗುತ್ತವೆ. ನಡುನಡುವೆ ನಲ್ ಬೈಟ್ ಇರುವುದರಿಂದ ಸ್ಟ್ರಿಂಗ್ ಹೆಲ್ಪರ್ ಬಳಸಿದರೆ ಮೊದಲ ಆರ್ಗ್ಯುಮೆಂಟ್‌ಗೇ ನಿಂತುಬಿಡುತ್ತದೆ. ಉದ್ದ ಕೊಟ್ಟು ಓದುವ ಯೂಸರ್ ಹೆಲ್ಪರ್ ಬೇಕು.

ಸ್ಟ್ರಿಂಗ್ ಮತ್ತು ಉದ್ದ

ಸ್ಟ್ರಿಂಗ್ ಹೆಲ್ಪರ್ ವಾಪಸು ಕೊಡುವ ಸಂಖ್ಯೆಯಲ್ಲಿ ಕೊನೆಯ ನಲ್ ಸೇರಿದೆ. ಆದ್ದರಿಂದ 1 ಬಂದರೆ ಸ್ಟ್ರಿಂಗ್ ನಿಜಕ್ಕೂ ಖಾಲಿ. ಋಣಾತ್ಮಕ ಬಂದರೆ ಓದು ಸೋತಿದೆ. ಸೋತಾಗ ಹೆಲ್ಪರ್ ನೀವು ಕೊಟ್ಟ ಅಳತೆಯಷ್ಟು ಬಫರ್ ಅನ್ನು ಸೊನ್ನೆ ಮಾಡುತ್ತದೆ, ಹಾಗಾಗಿ ಪ್ರಿಂಟ್ ಮಾಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಇನ್ನು 64 ಬೈಟ್ ಬಫರ್ ಕೊಟ್ಟು 64 ವಾಪಸು ಬಂದರೆ ಹೆಸರು ಸರಿಯಾಗಿ 63 ಬೈಟ್ ಇತ್ತೋ ಕತ್ತರಿಸಿಹೋಯಿತೋ ತಿಳಿಯದು. ಕತ್ತರಿಸಿದೆ ಎಂದೇ ಲೆಕ್ಕ ಹಾಕಿ.

ಸ್ಟ್ರಿಂಗ್ ಇರುವ ಕಡೆ ನಿಗದಿತ ಉದ್ದ ಓದುವ ಹೆಲ್ಪರ್ ಬಳಸಬೇಡಿ. ಹತ್ತು ಬೈಟ್‌ನ ಹೆಸರು ಪೇಜ್‌ನ ಅಂಚಿನಲ್ಲಿದ್ದು ಮುಂದಿನ ಪೇಜ್ ಇಲ್ಲದಿದ್ದರೆ, 64 ಬೈಟ್ ಕೇಳಿದ ತಪ್ಪಿಗೆ ಆ ಹತ್ತೂ ಸಿಗುವುದಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ಮಾಸ್ಕ್. ಇಬಿಪಿಎಫ್ ಸ್ಟ್ಯಾಕ್ 512 ಬೈಟ್ ಮಾತ್ರ. 4096 ಬೈಟ್‌ವರೆಗಿನ ಪಾತ್‌ಗೆ ಪರ್-ಸಿಪಿಯು ಅರೇ ಬೇಕು. ಓದಿ ಬಂದ ಉದ್ದವನ್ನು ಮುಂದೆ ಕಳಿಸುವಾಗ ವೆರಿಫೈಯರ್ (ಲೋಡ್ ಆಗುವ ಮೊದಲು ಪ್ರೋಗ್ರಾಂ ಪರೀಕ್ಷಿಸುವ ಕರ್ನಲ್ ಭಾಗ) ಮಿತಿ ಕೇಳುತ್ತದೆ, ಜನ 4095ರ ಜೊತೆ ಆಂಡ್ ಮಾಡಿ ಅದರ ಬಾಯಿ ಮುಚ್ಚಿಸುತ್ತಾರೆ. ದೋಷ ನೋಡದೆ ಹೀಗೆ ಮಾಡಿದರೆ ಮೈನಸ್ 14 ಎಂಬುದು 4082 ಆಗುತ್ತದೆ, ಮೈನಸ್ 34 ಎಂಬುದು 4062. ಸರಿಯಾಗಿ ತುಂಬಿದ 4096 ಸೊನ್ನೆಯಾಗುತ್ತದೆ. ನಿಮ್ಮ ಲಾಗ್‌ನಲ್ಲಿ 4082 ಉದ್ದದ ಈವೆಂಟ್‌ಗಳು ಕಾಣುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ. ಹೆಲ್ಪರ್‌ಗೆ 256 ಬೈಟ್ ಕೇಳಿ, ಹೊರಗೆ 4082 ಕಳಿಸಿದರೆ ಮೊದಲ 256 ಸೊನ್ನೆ, ಉಳಿದದ್ದು ಅದೇ ಸಿಪಿಯುನಲ್ಲಿ ಹಿಂದೆ ಓದಿದ ಬೇರೆ ಪ್ರೋಸೆಸ್‌ನ ಪಳೆಯುಳಿಕೆ. ಮೊದಲು ಋಣಾತ್ಮಕವೇ ನೋಡಿ, ಆಮೇಲೆ ದೊಡ್ಡದೇ ನೋಡಿ, ಆಮೇಲೆ ಕಳಿಸಿ.

ಸ್ಟ್ರಿಂಗ್ ಅನ್ನು ಮ್ಯಾಪ್ ಕೀ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. 5.5ರಿಂದ 5.10ಕ್ಕೆ ಮೊದಲಿನ ಕರ್ನಲ್‌ಗಳಲ್ಲಿ ಯೂಸರ್ ಸ್ಟ್ರಿಂಗ್ ಹೆಲ್ಪರ್ ಒಳಗೆ ನಕಲು 8 ಬೈಟ್‌ಗಳ ಮುದ್ದೆಯಾಗಿ ನಡೆದು, ನಲ್ ಆದ ಮೇಲಿನ ಕಸವೂ ಬಫರ್‌ಗೆ ಬರುತ್ತಿತ್ತು. ಒಂದೇ ಹೆಸರು, ಎರಡು ಕೀ, ಎರಡು ಎಣಿಕೆ. 5.10ರಲ್ಲಿ ಸರಿಪಡಿಸಿದರು. ಈಗಲೂ ಬಫರ್ ಅನ್ನು ಮೊದಲೇ ಸೊನ್ನೆ ಮಾಡಿಕೊಳ್ಳದಿದ್ದರೆ ಹಿಂದಿನ ಉದ್ದ ಹೆಸರಿನ ಬಾಲ ಉಳಿದಿರುತ್ತದೆ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಒಂದು ಉಪಕಥೆ. ಯುಟಿಎಫ್-8ರಲ್ಲಿ ನಮ್ಮ ಪ್ರತಿ ಕೋಡ್‌ಪಾಯಿಂಟ್ (ಅಕ್ಷರ, ವಿರಾಮ, ಸ್ವರಚಿಹ್ನೆ ಒಂದೊಂದೂ) 3 ಬೈಟ್. ಟಾಸ್ಕ್‌ನ ಹೆಸರಿಗೆ ಕರ್ನಲ್ ಇಟ್ಟಿರುವುದು ನಲ್ ಸೇರಿ 16 ಬೈಟ್, ಅಂದರೆ 5 ಕೋಡ್‌ಪಾಯಿಂಟ್. 'ಕನ್ನಡ' ಎಂಬ ಹೆಸರಿನ ಬೈನರಿ ಕರಾರುವಾಕ್ಕಾಗಿ ಹಿಡಿಸುತ್ತದೆ. 'ಕರ್ನಾಟಕ' ಎಂದಿಟ್ಟರೆ 'ಕರ್ನಾ' ಎಂದು ಕಾಣುತ್ತದೆ. ಪೂರ್ತಿ ಕನ್ನಡದ ಹೆಸರಿಗೆ 64 ಅಥವಾ 256 ಬೈಟ್ ಬಫರ್ ಇಟ್ಟರೆ ಕತ್ತರಿ ಕೋಡ್‌ಪಾಯಿಂಟ್‌ನ ಅಂಚಿಗೇ ಬೀಳುತ್ತದೆ, ಏಕೆಂದರೆ 63, 255 ಮೂರರಿಂದ ಭಾಗವಾಗುತ್ತವೆ. 32, 128 ಇಟ್ಟರೆ ಕೊನೆಗೆ ಒಂಟಿ ಬೈಟ್ ಉಳಿದು, ಅದನ್ನು ಓದುವ ಜೆಸನ್ ಪಾರ್ಸರ್ ತಕರಾರು ತೆಗೆಯಬಹುದು. ನಡುವೆ ಸ್ಲ್ಯಾಶ್, ಚುಕ್ಕಿ ಬಂದರೆ ಈ ಲೆಕ್ಕ ಕೆಡುತ್ತದೆ. ಯೂಸರ್ ಕಡೆಯ ಕೋಡ್‌ನಲ್ಲಿ ತುದಿ ಸರಿಮಾಡಿಕೊಳ್ಳುವುದೇ ಗಟ್ಟಿ ದಾರಿ.

ಹೆಲ್ಪರ್ ಇಲ್ಲದ ಓದು, ನಿದ್ದೆ ಹೋಗಬಲ್ಲ ಓದು

ಎಫ್‌ಎಂಟ್ರಿ (ಫಂಕ್ಷನ್ ಪ್ರವೇಶದ ಹೊಸ ಬಗೆಯ ಹುಕ್) ಮತ್ತು ಬಿಟಿಎಫ್ (ಕರ್ನಲ್‌ನ ಟೈಪ್ ಮಾಹಿತಿ) ಬಳಸುವ ಟ್ರೇಸ್‌ಪಾಯಿಂಟ್ ಪ್ರೋಗ್ರಾಂಗಳಲ್ಲಿ ಕರ್ನಲ್ ಪಾಯಿಂಟರ್‌ಗಳನ್ನು ಸಿ ಭಾಷೆಯ ಬಾಣದ ಗುರುತಿನಿಂದ ನೇರ ಹಿಂಬಾಲಿಸಬಹುದು. ಒಳಗೆ ಆಗುವುದು ಅದೇ: ಜಿಟ್ (ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ತಿರುಗಿಸುವ ಭಾಗ) ಆ ಲೋಡ್‌ಗೆ ಎಕ್ಸೆಪ್ಶನ್ ಟೇಬಲ್ ನಮೂದು ಹಾಕುತ್ತದೆ, ಫಾಲ್ಟ್ ಆದರೆ ರಿಜಿಸ್ಟರ್‌ಗೆ ಸೊನ್ನೆ ಬರುತ್ತದೆ. ಬರೆಯಲು ಹಿತ, ವೇಗ. ಆದರೆ ದೋಷದ ಸಂಖ್ಯೆ ಸಿಗುವುದಿಲ್ಲ. ಬಂದ ಸೊನ್ನೆ ನಿಜವಾದ ಮೌಲ್ಯವೋ ಸೋತ ಓದೋ ಹೇಳಲಾಗದು. ಲಿಬ್‌ಬಿಪಿಎಫ್‌ನ ಕೋರ್ ರೀಡ್ ಮ್ಯಾಕ್ರೋದ ಉದ್ದ ಸರಪಳಿಗಳಲ್ಲೂ ಇದೇ ಗುಣವಿದೆ: ನಡುವೆ ಒಂದು ಕೊಂಡಿ ನಲ್ ಆದರೆ ಕೊನೆಗೆ ಸೊನ್ನೆ. ಸರಪಳಿಯ ನಡುವೆ ಆಬ್ಜೆಕ್ಟ್ ಫ್ರೀ ಆಗಿ ಬೇರೆಯವರ ಕೈಸೇರಿದ್ದರೆ ಫಾಲ್ಟೂ ಆಗುವುದಿಲ್ಲ, ಸೊನ್ನೆಯೂ ಬರುವುದಿಲ್ಲ. ನಂಬುವಂತಿರುವ ತಪ್ಪು ಮೌಲ್ಯ ಬರುತ್ತದೆ. ಇದನ್ನು ಯಾವ ಓದುವ ಹೆಲ್ಪರೂ ಹಿಡಿಯಲಾರದು. ಆಬ್ಜೆಕ್ಟ್ ಜೀವಂತ ಇರುತ್ತದೆಂದು ಖಾತರಿಯಿರುವ ಫಂಕ್ಷನ್ ಮೇಲೆ ಹುಕ್ ಹಾಕುವುದೊಂದೇ ಉಪಾಯ.

2020ರ ಡಿಸೆಂಬರ್‌ನ 5.10ರಿಂದ ಸ್ಲೀಪಬಲ್ ಪ್ರೋಗ್ರಾಂಗಳಿವೆ. ಅವುಗಳಿಗೆ ಕಾಪಿ ಫ್ರಮ್ ಯೂಸರ್ ಹೆಲ್ಪರ್ ಸಿಗುತ್ತದೆ, ಪೇಜ್ ಇಲ್ಲದಿದ್ದರೆ ತರಿಸಿಕೊಂಡೇ ಓದುತ್ತದೆ. ಆದರೆ ಎಲ್ಲಿ ಬೇಕಾದರೂ ಅಲ್ಲ: ಸ್ಲೀಪಬಲ್ ಎಂದು ಗುರುತಿಸಿದ ಎಲ್‌ಎಸ್‌ಎಂ ಹುಕ್‌ಗಳು, ಅನುಮತಿ ಇರುವ ಕೆಲವು ಫಂಕ್ಷನ್‌ಗಳು, 6.0ರಿಂದ ಯುಪ್ರೋಬ್‌ಗಳು (ಯೂಸರ್ ಪ್ರೋಗ್ರಾಂನ ಫಂಕ್ಷನ್ ಮೇಲಿನ ಪ್ರೋಬ್‌ಗಳು). ಯುಪ್ರೋಬ್‌ನಲ್ಲಿ ಅಪ್ಲಿಕೇಶನ್‌ನ ಡೇಟಾ ಓದುವವರು ಇದಕ್ಕೆ ಬದಲಾಯಿಸಿಕೊಂಡರೆ ಖಾಲಿ ಸಾಲುಗಳ ಕಾಟ ಬಹುತೇಕ ಮುಗಿಯುತ್ತದೆ.

ಯಾವ ದಾರಿ ಹಿಡಿದರೂ ಪರ್-ಸಿಪಿಯು ಕೌಂಟರ್ ಮೂರು ಇಡಿ: ಮೈನಸ್ 14 ಎಷ್ಟು, ಮೈನಸ್ 34 ಎಷ್ಟು, ಕತ್ತರಿಸಿದ್ದು ಎಷ್ಟು. ಈವೆಂಟ್‌ನಲ್ಲೂ ದೋಷದ ಸಂಖ್ಯೆಗೆ ಒಂದು ಫೀಲ್ಡ್ ಇರಲಿ. ಔಟ್‌ಪುಟ್‌ನಲ್ಲಿ ಖಾಲಿ ಬಿಡುವ ಬದಲು ಅದನ್ನೇ ಅಚ್ಚುಹಾಕಿ. 34 ಒಂದು ಕಂಡರೂ ಕೋಡ್ ತೆರೆದು ನೋಡಬೇಕು. 14 ಏರುತ್ತಿದ್ದರೆ ಓದುವ ಜಾಗ ಬದಲಿಸಬೇಕು.

ಪ್ರೋಗ್ರಾಂ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಲೋಡ್ ಆಗಿ ಸರ್ವರ್‌ನಲ್ಲಿ ಲೋಡೇ ಆಗದಿದ್ದರೆ ಲಾಕ್‌ಡೌನ್ (ಕರ್ನಲ್‌ಗೆ ಹಾಕುವ ರಕ್ಷಣೆಯ ಬೀಗ) ನೋಡಿ. ಸೆಕ್ಯುರಿಟಿಎಫ್‌ಎಸ್‌ನಲ್ಲಿ ಲಾಕ್‌ಡೌನ್ ಎಂಬ ಫೈಲ್ ಇದೆ. ಚೌಕ ಆವರಣದಲ್ಲಿರುವುದೇ ಈಗಿನ ಮಟ್ಟ. ಇಂಟೆಗ್ರಿಟಿ ಎಂದಿದ್ದರೆ ಓದಿಗೆ ಅಡ್ಡಿಯಿಲ್ಲ. ಕಾನ್ಫಿಡೆನ್ಶಿಯಾಲಿಟಿ ಎಂದಿದ್ದರೆ ಪ್ರೋಬ್ ರೀಡ್ ಕರ್ನಲ್ ಹೆಲ್ಪರ್ ಕೊಡುವುದೇ ಇಲ್ಲ, ವೆರಿಫೈಯರ್ ಪ್ರೋಗ್ರಾಂ ತಿರಸ್ಕರಿಸುತ್ತದೆ. ಪ್ರೋಬ್ ರೀಡ್ ಯೂಸರ್‌ಗೆ ಆ ನಿರ್ಬಂಧವಿಲ್ಲ.